ಬೆಂಕಿಯೋ ಚಕ್ರವೋ

ನಮ್ಮ ಬೀದಿಯ ಹಲ್ಲಿನ ಡಾಕ್ಟರರು ಇದುವರೆಗೆ ಯಾವ ವಾದದಲ್ಲೂ ಸೋತಿಲ್ಲ. ಎದುರಾಳಿಯ ಬಾಯಲ್ಲಿ ಸದಾ ಹತ್ತಿ ತುಂಬಿರುತ್ತದೆ. "ಮನುಷ್ಯನ ಇತಿಹಾಸದಲ್ಲಿ ಬೆಂಕಿಗಿಂತ ದೊಡ್ಡದು ಯಾವುದಿದೆ ಹೇಳಿ? ಚಕ್ರ ಅಂತೀರಾ? ಬೇಯಿಸದ ಕಾಳು ಕಡಿದು ನೋಡಿ, ವಾಪಸ್ ನನ್ನ ಹತ್ರಾನೇ ಬರ್ತೀರಿ!" ಎನ್ನುತ್ತಾರೆ. ರೋಗಿ ಮುದ್ರಣಯಂತ್ರದ ಪರವಾಗಿ "ಆ... ಆ..." ಎಂದು ಕೆರಳುವಷ್ಟರಲ್ಲಿ ಹಲ್ಲು ತಟ್ಟೆಗೆ ಬಿದ್ದಿರುತ್ತದೆ. ಬರೀ ಉತ್ತರ ಕೊಡಲೆಂದೇ ಮರುದಿನ ಬಂದವರೂ ಇದ್ದಾರೆ. ಮೊನ್ನೆ ಆ ಕುರ್ಚಿಯಲ್ಲಿ ಡಾಕ್ಟರರ ತಾಯಿಯೇ ಕುಳಿತಾಗ ಮಾತ್ರ ಮಗನ ಮಾತು ನಿಂತಿತು, ಇಕ್ಕಳ ಹಿಡಿದ ಕೈ ನಡುಗಿತು. ತಾಯಿ ಅದನ್ನು ನೋಡಿ, ಹತ್ತಿಯನ್ನು ನಾಲಿಗೆಯಿಂದ ಕೆನ್ನೆಗೆ ಸರಿಸಿ, "ಚಕ್ರಾನೇ ದೊಡ್ಡದು ಕಣೋ. ಬೆಂಕಿ ಏನ್ ಮಹಾ?" ಎಂದರು. "ಏನಮ್ಮಾ, ನೀನೂ ಹೀಗಂತೀಯಾ!" ಎಂದು ಮಗ ವಾದಕ್ಕಿಳಿದರು, ಕೈ ನಡುಗುವುದನ್ನು ಮರೆಯಿತು.