ಕಡಲು ಕಾಣದ ಬಿರಾದಾರರು

ಆರ್.ಕೆ.ಪುರಂನ ನಮ್ಮ ಸರ್ಕಾರಿ ವಸತಿಗೃಹದ ಮೂರನೆಯ ಮಹಡಿಯಲ್ಲಿ, ಬಿರಾದಾರರ ಮನೆಯ ಬಾಗಿಲ ಹಿಂದೆ, ಖಾಲಿ ಎಣ್ಣೆ ಕ್ಯಾನೊಂದು ಹಗ್ಗ ಕಟ್ಟಿಸಿಕೊಂಡು ಸದಾ ನೇತಾಡುತ್ತಿತ್ತು. ಯಾರಾದರೂ ಸಮುದ್ರದಲ್ಲಿ ಮುಳುಗುತ್ತಿದ್ದರೆ ಎಸೆಯುವುದಕ್ಕೆ. ದೆಹಲಿಯಿಂದ ಸಮುದ್ರ ಎಷ್ಟು ದೂರವೆಂದು ಬಲ್ಲವರೆಲ್ಲ ನಗುತ್ತಿದ್ದರು. ಬಿರಾದಾರರು ನಗುತ್ತಿರಲಿಲ್ಲ. "ಸಮುದ್ರ ಹೇಳಿ ಕೇಳಿ ಬರಂಗಿಲ್ರಿ," ಎನ್ನುತ್ತಿದ್ದರು.

ಶರಣಪ್ಪ ಬಿರಾದಾರರು ಬೀದರಿನವರು. ಸಮುದ್ರವನ್ನು ಕಣ್ಣಾರೆ ಕಂಡವರಲ್ಲ. ಈಜು ಹಾಗಿರಲಿ, ಸ್ನಾನಕ್ಕೂ ಚೊಂಬು ಎಣಿಸುವ ಪೈಕಿ. ಆದರೆ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಕೂತು ಇಪ್ಪತ್ತು ವರ್ಷ ಅವರು ಮಾಡಿದ ಕೆಲಸವೆಂದರೆ ಕರಾವಳಿಯ ಎಚ್ಚರಿಕೆ ಫಲಕಗಳನ್ನೂ ಕರಪತ್ರಗಳನ್ನೂ ಕನ್ನಡಕ್ಕೆ ತರುವುದು. ಬೇರೆಯವರಾಗಿದ್ದರೆ ಅನುವಾದಿಸಿ, ಸಹಿ ಹಾಕಿ, ಚಹಾಕ್ಕೆ ಎದ್ದು ಹೋಗುತ್ತಿದ್ದರು. ಇವರು ಅನುವಾದಿಸಿದ್ದನ್ನೆಲ್ಲ ನಂಬಿಬಿಟ್ಟರು. ದಿನಾ ಬೆಳಿಗ್ಗೆ ನಮ್ಮ ಬ್ಲಾಕಿನ ವಾಟ್ಸಾಪ್ ಗುಂಪಿಗೆ ಹಿಂದಿಯಲ್ಲಿ ಅವರ ಸಂದೇಶ ಬೀಳುತ್ತಿತ್ತು: ಇವತ್ತು ಮಂಗಳೂರು ತೀರದಲ್ಲಿ ಎತ್ತರದ ಅಲೆ, ನಿವಾಸಿಗಳು ನೀರಿಗಿಳಿಯಬಾರದು. ನೆಲಮಹಡಿಯ ಚಡ್ಡಾ ಆಂಟಿ ಅದಕ್ಕೆ ಶ್ರದ್ಧೆಯಿಂದ ಕೈಮುಗಿದ ಚಿತ್ರ ಹಾಕುತ್ತಿದ್ದರು.

ನಾವಿಬ್ಬರೂ ಒಂದೇ ಮೆಟ್ರೊದಲ್ಲಿ ಕಚೇರಿಗೆ ಹೋಗುತ್ತಿದ್ದೆವು. ಹೌಜ್ ಖಾಸ್‌ನಲ್ಲಿ ಇಳಿದು ರೈಲು ಬದಲಿಸಬೇಕು. ಎದುರಿಗೆ ಬರುವ ಜನದ ನಡುವೆ ನಾನು ಮೊಣಕೈ ಹಾಕಿ ನುಗ್ಗುವುದು, ಅಂಗಿಯ ಗುಂಡಿ ಕಳೆದುಕೊಂಡು ಹೊರಟಲ್ಲಿಗೇ ಬಂದು ನಿಲ್ಲುವುದು, ಇದು ನಿತ್ಯದ ಕಥೆ. ಒಂದು ದಿನ ಬಿರಾದಾರರಿಗೆ ತಡೆಯಲಾಗಲಿಲ್ಲ.

"ಸೆಳೆತದ ಎದುರಿಗೆ ಹೋಗಬ್ಯಾಡ್ರಿ. ಮೈ ಹಗುರ ಬಿಡ್ರಿ. ಅದು ಒಯ್ದಲ್ಲಿ ಸ್ವಲ್ಪ ಹೋಗ್ರಿ. ಆಮ್ಯಾಲ ಬಾಜೂಕ ಸರೀರಿ, ಬಾಜೂಕ."

ಹಾಗೆಂದವರೇ ಚೀಲವನ್ನು ಎದೆಗವಚಿಕೊಂಡು ಏಡಿಯಂತೆ ಅಡ್ಡಡ್ಡ ಸರಿದು ಗೋಡೆ ಸೇರಿದರು. ಕಡಲಿನ ಸೆಳೆತದಲ್ಲಿ ಸಿಕ್ಕವರಿಗಾಗಿ ಅವರೇ ಬರೆದ ಸೂಚನೆ ಅದು. ನಗು ಬಂದರೂ ಅವರ ಹಿಂದೆ ಸರಿದೆ. ಅಂದಿನಿಂದ ನನ್ನ ಗುಂಡಿಗಳು ಉಳಿದವು.

ತಿಂಗಳಿಗೊಂದು ಭಾನುವಾರ ಸುನಾಮಿ ತಾಲೀಮು. ಕಡಲತೀರದಲ್ಲಿ ನೆಲ ಜೋರಾಗಿ ನಡುಗಿದರೆ ಸೈರನ್ನಿಗೆ ಕಾಯದೆ ಎತ್ತರಕ್ಕೆ ಓಡಬೇಕು ಎಂಬುದು ಕರಪತ್ರದ ಮಾತು. ಬಿರಾದಾರರು ಮೂರು ಸಲ ಸೀಟಿ ಊದಿದರೆ ಹನ್ನೆರಡು ಮನೆಯವರೂ ತಾರಸಿ ಸೇರಬೇಕು. ಮೇಲೆ ಅವರ ಹೆಂಡತಿ ಕಾಶಿಬಾಯಿ ಮಾಡಿದ ಬಿಸಿ ಮಂಡಕ್ಕಿ ಸುಸಲಾ ಸಿಗುತ್ತಿದ್ದುದರಿಂದ ಯಾರೂ ತಪ್ಪಿಸುತ್ತಿರಲಿಲ್ಲ.

"ಅಂಕಲ್, ಸಮುದ್ರ ಯಹಾಂ ತಕ್ ಬರುತ್ತಾ?" ಎಂದು ನನ್ನ ಮಗಳು ನಿಧಿ ಕೇಳಿದ್ದಳು.

"ಬರಂಗಿಲ್ಲವ್ವಾ. ಬಂದ್ರ ನಾವು ತಯಾರ್ ಇರಬೇಕು ನೋಡು."

ಹೀಗಿರುವಾಗ ಒಂದು ರಜಾದಿನದ ಮಧ್ಯಾಹ್ನ ದೆಹಲಿ ನಿಜಕ್ಕೂ ನಡುಗಿತು. ಕಾಲೊನಿಗೆ ಕಾಲೊನಿಯೇ ಕೆಳಗೋಡಿ ಪಾರ್ಕಿನಲ್ಲಿ ನಿಂತಿತು. ನಮ್ಮ ಹನ್ನೆರಡು ಮನೆಯವರು ಮಾತ್ರ, ಯಾರೂ ಸೀಟಿ ಊದದಿದ್ದರೂ, ಅಭ್ಯಾಸಬಲದಿಂದ ತಾರಸಿಗೆ ಓಡಿದೆವು. ಎರಡು ಹೆಜ್ಜೆ ಇಟ್ಟಿದ್ದರೆ ಬಯಲು ಸೇರಬಹುದಾಗಿದ್ದ ಚಡ್ಡಾ ಆಂಟಿ, ಮಂಡಿನೋವು ಇಟ್ಟುಕೊಂಡು, ಉಪ್ಪಿನಕಾಯಿ ಭರಣಿ ಸಮೇತ ಅಷ್ಟೂ ಮೆಟ್ಟಿಲು ಹತ್ತಿ ಬಂದರು. ಕೆಳಗಿದ್ದವರೆಲ್ಲ ಕತ್ತೆತ್ತಿ ನಮ್ಮನ್ನೇ ನೋಡುತ್ತಿದ್ದರು.

"ಬಿರಾದಾರ್ ಜೀ, ಪಾನಿ ಕಿಧರ್ ಸೇ ಆಯೇಗಾ?" ಎಂದರು ಆಂಟಿ, ಏದುಸಿರು ಬಿಡುತ್ತ.

ಬಿರಾದಾರರ ಮುಖ ಬೂದಿಯಾಗಿತ್ತು. "ಕಟ್ಟಡ ಬಿದ್ದಿದ್ರ ಹನ್ನೆರಡು ಮನಿ ಮಂದೀನ ನಾನ ಕೊಂದಂಗ ಆಗ್ತಿತ್ತು," ಎಂದು ನನಗಷ್ಟೇ ಕೇಳುವಂತೆ ಹೇಳಿದರು. ಮರುದಿನದಿಂದ ಸೀಟಿ ನಿಂತಿತು, ಬೆಳಗಿನ ಸಂದೇಶವೂ ನಿಂತಿತು. ಮನುಷ್ಯ ಮಂಕಾಗಿಬಿಟ್ಟರು. ನೋಡಲಾಗದೆ, ನಾವು ರಜೆಗೆ ಉಡುಪಿ ಕಡೆ ಹೊರಟಾಗ ಅವರನ್ನೂ ಎಬ್ಬಿಸಿ ಕರೆದೊಯ್ದೆ. ಕ್ಯಾನೂ ಬಂತು.

ಕಡಲತೀರದಲ್ಲಿ ಅವರಿಗೆ ಮೊದಲು ಕಂಡದ್ದು ಕಡಲಲ್ಲ, ಎಚ್ಚರಿಕೆ ಫಲಕ. ಅವರದೇ ವಾಕ್ಯಗಳು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಸಲ ಸಮುದ್ರದ ಮುಂದೆ ಬಂದ ಮನುಷ್ಯ ಅದಕ್ಕೆ ಬೆನ್ನು ಹಾಕಿ ನಿಂತು ಫಲಕ ಓದಿಕೊಂಡರು. "ಬಣ್ಣ ಛಲೋ ಹಚ್ಯಾರ," ಎಂದರು.

ನಾನು ಅಂಗಿ ತೊಟ್ಟೇ ನೀರಿಗಿಳಿದೆ. ಎರಡೂ ಕಡೆ ಅಲೆ ಒಡೆಯುತ್ತಿದ್ದವು, ನಡುವೆ ಒಂದು ಜಾಗ ಮಾತ್ರ ಕೆರೆಯಂತೆ ಸುಮ್ಮನಿತ್ತು. "ಅಲ್ಲಿ ಬ್ಯಾಡ್ರಿ. ತೆರಿ ಒಡೀಲಾರದ ಜಾಗಾನ ಕೆಟ್ಟದ್ದು," ಎಂದು ಹಿಂದಿನಿಂದ ಕೂಗಿದರು. ತಾರಸಿ ಹತ್ತಿಸಿದವರ ಮಾತು ತಾನೇ ಎಂದುಕೊಂಡು ಮುಂದೆ ಹೋದೆ.

ಹತ್ತು ಹೆಜ್ಜೆಗೆ ನೆಲ ತಪ್ಪಿತು. ಈಜುಕೊಳದಲ್ಲಿ ಕಲಿತ ಈಜು ನನ್ನದು. ದಡದ ಕಡೆಗೆ ಕೈ ಹೊಡೆದಷ್ಟೂ ದಡ ದೂರ ಹೋಗುತ್ತಿತ್ತು. ತೋಳು ಸೋತವು, ಉಪ್ಪುನೀರು ಕುಡಿದೆ, ನಿಧಿ ಅಳುವುದು ಕೇಳಿಸಿತು. ಬಿರಾದಾರರು ನನ್ನ ಹೆಂಡತಿಯನ್ನು ಜೀವರಕ್ಷಕನ ಬಳಿಗೆ ಓಡಿಸಿ, ಕ್ಯಾನು ಎಸೆದರು. ಬಾಗಿಲಿನ ಅಳತೆಯ ಹಗ್ಗ ಅದು, ಕ್ಯಾನು ಅವರ ಕಾಲ ಬುಡದಲ್ಲೇ ಬಿತ್ತು. ಈಜು ಬಾರದವರು ರಕ್ಷಿಸಲು ನೀರಿಗಿಳಿಯಬಾರದು ಎಂದು ಬರೆದವರು, ಇಳಿಯಲಿಲ್ಲ. ಎರಡೂ ಕೈಯೆತ್ತಿ ದಂಡೆಯುದ್ದಕ್ಕೂ ಅಡ್ಡಡ್ಡ ಓಡುತ್ತ ಕೂಗತೊಡಗಿದರು.

"ಹೌಜ್ ಖಾಸ್ ರೀ, ಹೌಜ್ ಖಾಸ್!"

ದಂಡೆಯ ಜನ ಹುಚ್ಚನೆಂದುಕೊಂಡರು. ನನಗೆ ತಿಳಿಯಿತು. ಮೈ ಹಗುರ ಬಿಟ್ಟೆ. ಅದು ಒಯ್ದಲ್ಲಿಗೆ ಸ್ವಲ್ಪ ಹೋದೆ. ಆಮೇಲೆ ಬಾಜೂಕೆ, ಬಾಜೂಕೆ. ಅಲೆ ಒಡೆಯುವ ಕಡೆಗೆ ಬಂದಾಗ ಅಲೆಗಳೇ ನನ್ನನ್ನು ಮರಳಿಗೆ ತಳ್ಳಿದವು. ಬಿರಾದಾರರು ಪಕ್ಕದಲ್ಲಿ ಕುಸಿದು ಕೂತು ಅತ್ತರು. ನಾನೂ ಅತ್ತೆ. ಕಣ್ಣೊರೆಸಿಕೊಂಡು ಅವರು ಕೇಳಿದ್ದು ಇಷ್ಟೇ: "ಗುಂಡಿ ಎಲ್ಲಾ ಅದಾವೋ ಇಲ್ಲೋ ನೋಡ್ಕೋರಿ."

ನಿವೃತ್ತರಾಗಿ ಬೀದರಿಗೆ ಹೊರಟ ದಿನ ಕ್ಯಾನನ್ನು ನಮ್ಮ ಮನೆಗೆ ತಂದರು. "ಬೀದರಿಗೆ ಸಮುದ್ರ ಎಲ್ಲಿ ಬರ್ತದರೀ, ನೀವ ಇಟ್ಕೋರಿ," ಎಂದರು. ಅಂದಿನಿಂದ ಅದು ನಮ್ಮ ಬಾಗಿಲ ಹಿಂದಿದೆ. ದೆಹಲಿ ನಡುಗಿದ ಸುದ್ದಿ ಸಿಕ್ಕಿದ ಕೂಡಲೇ ಬೀದರಿನಿಂದ ಫೋನು ಬರುತ್ತಿತ್ತು. ನಮಸ್ಕಾರವಿಲ್ಲ, ಯೋಗಕ್ಷೇಮವಿಲ್ಲ. "ಕೆಳಗ ಇದ್ದೀರಿಲ್ರೀ?" ಇದ್ದೇವೆ ಎಂದರೆ ಇಟ್ಟುಬಿಡುತ್ತಿದ್ದರು.

ಮೊನ್ನೆ ಮತ್ತೆ ನೆಲ ನಡುಗಿತು. ಹನ್ನೆರಡು ಮನೆಯವರೂ ಪಾರ್ಕಿಗೆ ಇಳಿದೆವು. ಚಡ್ಡಾ ಆಂಟಿ ಭರಣಿ ಹಿಡಿದು ಒಮ್ಮೆ ತಾರಸಿಯತ್ತ ನೋಡಿದರು, ನಾವೂ ನೋಡಿದೆವು. ಬಿರಾದಾರರು ದೀಪಾವಳಿಗೆ ಮುಂಚೆಯೇ ತೀರಿಹೋಗಿದ್ದರು, ಅದು ನನಗೆ ಗೊತ್ತಿದ್ದದ್ದೇ. ಆದರೂ ನಡುಕ ನಿಂತು ಎಲ್ಲರೂ ಮನೆಗೆ ಹೋದ ಮೇಲೆ, ಕೆಳಗಿದ್ದೇವೆ ಎಂದು ಹೇಳುವುದಕ್ಕೆ ಫೋನು ಹಿಡಿದು ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ.