ಟೈಗರಿನ ಧಣಿ

ಮಾವನ ಎಡಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ನಾಯಿಯ ಹಲ್ಲಿನ ಗುರುತುಗಳಿದ್ದವು. ಕೆಲವು ಬಿಳಿಯ ಚುಕ್ಕೆಗಳು, ಕೆಲವು ಉದ್ದನೆಯ ಗೀರುಗಳು. ಮಣಿಕಟ್ಟಿನ ಹತ್ತಿರ ಒಂದು ಕಡೆ ಮಾಂಸವೇ ಕಿತ್ತುಹೋಗಿ ಹೆಬ್ಬೆರಳು ಇಡುವಷ್ಟು ಗುಳಿ ಬಿದ್ದಿತ್ತು. ಬೇರೆಯವರಾಗಿದ್ದರೆ ತುಂಬುತೋಳಿನ ಅಂಗಿ ಹಾಕಿ ಮುಚ್ಚಿಕೊಳ್ಳುತ್ತಿದ್ದರು. ಮಾವ ಅರ್ಧತೋಳಿನ ಬಿಳಿ ಬುಶ್‌ಶರ್ಟ್ ಬಿಟ್ಟು ಇನ್ನೊಂದು ಹಾಕಿದ್ದನ್ನು ನಾನು ನೋಡಿಲ್ಲ. ಮನೆಗೆ ಯಾರಾದರೂ ಬಂದರೆ ಆ ಕೈಯನ್ನು ಕುರ್ಚಿಯ ಹಿಡಿಯ ಮೇಲೆ ಚೆನ್ನಾಗಿ ಕಾಣುವಂತೆ ಚಾಚಿ ಕೂರುತ್ತಿದ್ದರು. ಬಂದವರು ಕೇಳಲೇಬೇಕು. ಕೇಳಿದರೆ, "ಇದಾ? ಇದೆಲ್ಲ ಪ್ರೀತಿ ಮಾರಾಯ್ರೇ. ಮನುಷ್ಯರು ಕಚ್ಚಿದ್ದು ಹೀಗೆ ಹೊರಗೆ ಕಾಣುವುದಿಲ್ಲ" ಎನ್ನುತ್ತಿದ್ದರು.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ನಮ್ಮ ಕುಟುಂಬಗಳಲ್ಲಿ ಮನೆ ನಡೆಯುವುದು ಸೋದರಮಾವನ ಮಾತಿನ ಮೇಲೆ. ಅಪ್ಪ ಬೊಂಬಾಯಿಯಲ್ಲಿ ಹೋಟೆಲಿನ ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರಿಂದ ನನಗಂತೂ ಅಪ್ಪನೂ ಅವರೇ, ಸರ್ಕಾರವೂ ಅವರೇ. ಅಮ್ಮನನ್ನೂ ನನ್ನನ್ನೂ ತಮ್ಮ ಮಣ್ಣಗುಡ್ಡದ ಮನೆಗೆ ಕರೆತಂದು ಅನ್ನ ಹಾಕಿದರು. ನನ್ನನ್ನು ಕಾಲೇಜಿಗೆ ಕಳುಹಿಸಿದರು. ಮದುವೆ ಮಾಡಿಸಿದರು. ಇದ್ಯಾವುದನ್ನೂ ಇಲ್ಲ ಎನ್ನಲಾರೆ. ಇಲ್ಲ ಎನ್ನಲು ಅವರು ಒಂದು ದಿನವೂ ಬಿಟ್ಟವರಲ್ಲ. ಮೀನಿನ ಸಾರಿಗೆ ಉಪ್ಪು ಹೆಚ್ಚಾದರೂ ಸಾಕು, "ಬೊಂಬಾಯಿಯಿಂದ ಕರ್ಕೊಂಡು ಬಂದದ್ದು ಇದಕ್ಕಾ?" ಎಂದು ಬಟ್ಟಲು ಸರಿಸುತ್ತಿದ್ದರು. ಅಮ್ಮ ತಲೆ ತಗ್ಗಿಸಿ ಬಟ್ಟಲು ಎತ್ತಿಕೊಂಡು ಹೋಗುತ್ತಿದ್ದಳು.

ಅವರು ನನಗೆ ಕಲಿಸಿದ್ದೂ ಉಂಟು. ನಾನು ಚಿಕ್ಕಂದಿನಲ್ಲಿ ಬಾಯೊಳಗೇ ಗೊಣಗುವವಳು. ಬೆಳಿಗ್ಗೆ ಜಗಲಿಯಲ್ಲಿ ನಿಲ್ಲಿಸಿ ಪೇಪರು ಓದಿಸುತ್ತಿದ್ದರು. "ಗಂಟಲು ಬಿಟ್ಟು ಓದು. ಗೇಟಿನ ಹತ್ತಿರ ನಿಂತವನಿಗೆ ಕೇಳಬೇಕು." ಗೇಟಿನ ಹತ್ತಿರ ಯಾರೂ ಇರುತ್ತಿರಲಿಲ್ಲ. ಆದರೂ ನಾನು ಕಿರುಚಿ ಓದುತ್ತಿದ್ದೆ.

ಊರಿನ ಗೇಣಿ ಗದ್ದೆಗಳೆಲ್ಲ ಕಾನೂನು ಬಂದು ಒಕ್ಕಲುಗಳ ಪಾಲಾದ ಮೇಲೆ ಮಾವ ಬದಲಾದರು ಎಂದು ಅಮ್ಮ ಹೇಳುತ್ತಾಳೆ. ನನಗೆ ಹಾಗೆ ಅನಿಸುವುದಿಲ್ಲ. ಅವರು ಮೊದಲೂ ಹಾಗೆಯೇ ಇದ್ದರು. ಹಿಂದೆ ಅವರು ದಬಾಯಿಸಲು ಒಂದು ಊರಿತ್ತು, ಆಮೇಲೆ ಉಳಿದದ್ದು ನಾವು ಮತ್ತು ನಾಯಿ. ಅದರಲ್ಲೂ ನಾಯಿಯನ್ನು ಅವರು ದಬಾಯಿಸಲಿಲ್ಲ. ಪೇಟೆಯ ಹೋಟೆಲನ್ನು ಮ್ಯಾನೇಜರನ ಕೈಗೆ ಬಿಟ್ಟು, ಒಂದು ಅಲ್ಸೇಶಿಯನ್ ಮರಿಯನ್ನು ತರಿಸಿ, ಟೈಗರ್ ಎಂದು ಹೆಸರಿಟ್ಟು, ಅದನ್ನು ಬೆಳೆಸುವುದನ್ನೇ ಒಂದು ಉದ್ಯೋಗ ಮಾಡಿಕೊಂಡರು. ಮನೆಯಲ್ಲಿ ಎಲ್ಲರೊಂದಿಗೆ ತುಳು, ನಾಯಿಯೊಂದಿಗೆ ಮಾತ್ರ ಇಂಗ್ಲಿಷ್. ಆ ಮನೆಯಲ್ಲಿ "ಪ್ಲೀಸ್" ಎನ್ನುವ ಶಬ್ದ ಕೇಳಿಸಿಕೊಂಡ ಜೀವ ಅದೊಂದೇ. ಮಧ್ಯಾಹ್ನ ಟೈಗರಿನ ಊಟವಾಗದೆ ನಮ್ಮ ಬಟ್ಟಲು ಹಾಕುವಂತಿರಲಿಲ್ಲ. ಹಾಲ್‌ನ ದೊಡ್ಡ ಸೋಫಾದ ಮೇಲೆ ಅದು ಮಲಗಿದ್ದರೆ ಬಂದ ನೆಂಟರು ಬೆಂಚಿನಲ್ಲಿ ಕೂರಬೇಕು.

ಎಪ್ಪತ್ತರ ದಶಕದ ಕೊನೆಗೆ ನಾನು ಹೆರಿಗೆಗೆಂದು ಅದೇ ಮನೆಗೆ ಬಂದೆ. ಗಂಡ ಗಲ್ಫಿನಲ್ಲಿದ್ದರು. ಹೆಣ್ಣು ಮಗು ಹುಟ್ಟಿತು. ಗಂಡ ರಜೆಯಲ್ಲಿ ಬರುವವರೆಗೆ ವಾಮಂಜೂರಿನ ಅತ್ತೆ ಮನೆಗೆ ಹೋಗುವುದು ಬೇಡ ಎಂದು ಮಾವನೇ ತಡೆದರು. "ಆ ಗದ್ದೆ ನಡುವೆ ಮಗುವನ್ನು ಸಾಕುವುದಾ? ಹಾವು ಚೇಳು ಎಷ್ಟು ಉಂಟು ಅಲ್ಲಿ" ಎಂದರು.

ಮಗುವಿನ ಅಳು ಮೊದಲ ಬಾರಿ ಕೇಳಿದಾಗ ಟೈಗರ್ ಕಿವಿ ನಿಮಿರಿಸಿ ನಿಂತದ್ದು ನನಗೆ ನೆನಪಿದೆ. ಅಲ್ಲಿಯವರೆಗೆ ಆ ಮನೆಯಲ್ಲಿ ಮುದ್ದು ಮಾಡಿಸಿಕೊಳ್ಳುತ್ತಿದ್ದದ್ದು ಅದು ಮಾತ್ರ. ಬಂದವರೆಲ್ಲ ಈಗ ತೊಟ್ಟಿಲ ಕಡೆಗೆ ಹೋಗುತ್ತಿದ್ದರು. ಅದು ತೊಟ್ಟಿಲಿನ ಕೆಳಗೆ ಬಂದು ಮಲಗಲು ಸುರುಮಾಡಿತು. ಮಗು ಅತ್ತರೆ ಗಂಟಲಿನೊಳಗೇ ಗುರ್ ಎನ್ನುತ್ತಿತ್ತು. ಮಾವ ಅದನ್ನು ನೋಡಿ ಕಣ್ಣು ತುಂಬಿಕೊಂಡರು. "ಕಾವಲು ಕಾಯ್ತಾ ಉಂಟು ನೋಡು" ಎಂದರು.

"ಕಾವಲಲ್ಲ ಮಾವ, ಅದಕ್ಕೆ ಮಗುವನ್ನು ಕಂಡರೆ ಆಗುವುದಿಲ್ಲ. ಹಗಲು ಸ್ವಲ್ಪ ಕಟ್ಟಿಹಾಕಿ" ಎಂದೆ.

"ಕಟ್ಟುವುದಾ? ಟೈಗರನ್ನು?" ಅವರು ನಕ್ಕರು. "ನೋಡು, ಈ ಮನೆಗೆ ಅದು ನಿನ್ನ ಮಗುವಿಗಿಂತ ಮೊದಲು ಬಂದದ್ದು. ಹೆದರಿಕೆಯಾದರೆ ನಿನ್ನ ಮಗುವನ್ನು ಕಟ್ಟು."

ತಮಾಷೆ ಎಂದುಕೊಂಡು ಅಮ್ಮ ನಕ್ಕಳು. ನಾನು ನಗಲಿಲ್ಲ. ಅಂದಿನಿಂದ ಮಗು ಇದ್ದ ಕೋಣೆಯ ಬಾಗಿಲಿಗೆ ಚಿಲಕ ಹಾಕಿಯೇ ಹೊರಗೆ ಹೋಗುತ್ತಿದ್ದೆ. ಮಾವನಿಗೆ ಅದು ಅವಮಾನವಾಗಿ ಕಂಡಿತು. "ನನ್ನ ಮನೆಯಲ್ಲಿ ನನ್ನ ನಾಯಿಗೆ ಬಾಗಿಲು ಹಾಕ್ತಾಳೆ" ಎಂದು ಬಂದವರಲ್ಲೆಲ್ಲ ದೂರಿದರು.

ಮಗು ಅಂಬೆಗಾಲಿಡುತ್ತಿದ್ದ ಸಮಯ. ಒಂದು ಬೆಳಿಗ್ಗೆ ಕೊಟ್ಟಾರದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ಮಾವನ ಸ್ನೇಹಿತರೊಬ್ಬರು ಬಂದಿದ್ದರು. ಅವರಿಗೂ ಒಂದು ಅಲ್ಸೇಶಿಯನ್ ಬೇಕಿತ್ತು, ಸಣ್ಣ ಮೊಮ್ಮಕ್ಕಳಿರುವ ಮನೆಗೆ ಆಗುತ್ತದೋ ಇಲ್ಲವೋ ಎಂಬ ಸಂಶಯ. ಮಗು ಚಾಪೆಯ ಮೇಲೆ ನಿದ್ದೆ ಹೋಗಿತ್ತು. ನಾನು ಚಿಲಕ ಹಾಕಿ ಸ್ನಾನಕ್ಕೆ ಹೋದೆ. ಅಮ್ಮ ಹಿಂದಿನ ಜಗಲಿಯಲ್ಲಿ ಕಡೆಯುವ ಕಲ್ಲಿನ ಮುಂದೆ ಕೂತು ಮಸಾಲೆ ಅರೆಯುತ್ತಿದ್ದಳು.

ಆಮೇಲೆ ನಡೆದದ್ದನ್ನು ಆ ಸ್ನೇಹಿತರೇ ಅದೇ ದಿನ ಕಾರಿನಲ್ಲಿ ನನಗೆ ಹೇಳಿದರು. ಮಾವ ಅವರನ್ನು ಕೋಣೆಯವರೆಗೆ ಕರೆತಂದು ಚಿಲಕ ತೆಗೆದರು. ಟೈಗರನ್ನು ಒಳಗೆ ಕರೆದು ಮಗುವಿನ ಪಕ್ಕದಲ್ಲಿ ಮಲಗಿಸಿದರು. "ನೋಡಿ. ತಾಯಿಗಿಂತ ಚೆನ್ನಾಗಿ ನೋಡ್ತದೆ" ಎಂದರು. ಸಾಲದ್ದಕ್ಕೆ ಅಡುಗೆಮನೆಯಿಂದ ಒಂದು ಎಲುಬು ತಂದು ಅದರ ಮುಂದಿಟ್ಟರು. "ಇರಲಿ ಬಿಡಿ, ಹೊರಗೆ ಕರೀರಿ" ಎಂದು ಸ್ನೇಹಿತರು ಹೇಳಿದರಂತೆ. ಮಾವ ಕೇಳಲಿಲ್ಲ. ಅವರ ಹೊಸ ಕಾರನ್ನು ನೋಡಲೆಂದು ಗೇಟಿನ ಕಡೆಗೆ ಹೊರಟುಬಿಟ್ಟರು. ಮಗು ಎದ್ದಿತು. ಎದ್ದ ಮಗುವಿಗೆ ಎದುರಿಗೆ ಕಂಡದ್ದು ಎಲುಬು.

ನಾನು ಒದ್ದೆ ಕೂದಲಿನಲ್ಲಿ ಬಚ್ಚಲಿನಿಂದ ಹೊರಗೆ ಬರುತ್ತಿದ್ದೆ. ಮೊದಲು ಕೇಳಿಸಿದ್ದು ನಾಯಿಯ ಸದ್ದು. ಮಗುವಿನ ಅಳು ಆಮೇಲೆ. ಓಡಿ ಹೋಗಿ ನೋಡಿದರೆ ಬಾಗಿಲು ಹಾರುಹೊಡೆದಿತ್ತು. ಮಗುವಿನ ಮುಖ ನಾಯಿಯ ಬಾಯಲ್ಲಿತ್ತು. ಕೈಗೆ ಸಿಕ್ಕಿದ ಮರದ ಸ್ಟೂಲನ್ನು ಎತ್ತಿ ಅದರ ಬೆನ್ನಿಗೆ ಹೊಡೆದೆ. ಬಿಟ್ಟಿತು. ಮತ್ತೆ ಹೊಡೆದೆ. ಅದು ಕುಂಯ್‌ಗುಡುತ್ತಾ ಹೊರಗೆ ಓಡಿತು. ಮಗುವನ್ನು ಎತ್ತಿಕೊಂಡಾಗ ಬಲಗಣ್ಣಿನ ರೆಪ್ಪೆಯಿಂದ ತುಟಿಯವರೆಗೆ ಕೆನ್ನೆ ಹರಿದು ನೇತಾಡುತ್ತಿತ್ತು. ಕಣ್ಣು ಉಂಟೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ, ಅಷ್ಟು ರಕ್ತ.

ಮಾವ ಓಡಿ ಬಂದರು. ನನ್ನನ್ನು ನೋಡಿದರು, ಮಗುವನ್ನು ನೋಡಿದರು. ಆಮೇಲೆ ಕೇಳಿದರು, "ಟೈಗರಿಗೆ ಎಂತ ಮಾಡಿದೆ ನೀನು? ಯಾಕೆ ಕುಂಟ್ತಾ ಉಂಟು ಅದು?"

ಆ ಮಾತನ್ನು ನಾನು ಎಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಎಂದುಕೊಳ್ಳಲು ನೋಡಿದ್ದೇನೆ. ಆಗಿಲ್ಲ. ಯಾಕೆಂದರೆ ಸ್ನೇಹಿತರು ಕಾರು ತಿರುಗಿಸಿ, ಅಮ್ಮ ಮತ್ತು ನಾನು ಮಗುವನ್ನು ಹಿಡಿದುಕೊಂಡು ಹತ್ತಿ ಕೂತಾಗ, ಮುಂದಿನ ಸೀಟು ಖಾಲಿಯಿತ್ತು. ಮಾವ ಬರಲಿಲ್ಲ. ಅವರು ಹಿತ್ತಲಿನಲ್ಲಿ ಟೈಗರನ್ನು ಹುಡುಕುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ನಮಗಾಗಿ ಕಾಯುತ್ತಿದ್ದವರಂತೆ ಹೊರಗೆ ಬಂದರು. ಮಾವನ ಪರಿಚಯದವರು. "ಫೋನ್ ಬಂದಿತ್ತು. ಮಗು ಮೆಟ್ಟುಕತ್ತಿಯ ಮೇಲೆ ಬಿದ್ದದ್ದಂತೆ, ಅಲ್ವಾ?" ಎಂದರು.

ತೆಂಗಿನಕಾಯಿ ಹೆರೆಯುವ ಮೆಟ್ಟುಕತ್ತಿ. ನಾವು ದಾರಿಯಲ್ಲಿರುವಾಗಲೇ ಮಾವ ಒಂದು ಕತೆ ಕಟ್ಟಿ ಕಳುಹಿಸಿದ್ದರು. ಮುನಿಸಿಪಾಲಿಟಿಯವರು ಬಂದರೆ ನಾಯಿಯನ್ನು ಒಯ್ಯುತ್ತಾರೆ, ಅದಕ್ಕೆ. ನಾನು ಸ್ನೇಹಿತರ ಮುಖ ನೋಡಿದೆ. ಅವರು ಕಾರಿನ ಕೀಲಿಯನ್ನು ನೋಡುತ್ತಾ ನಿಂತರು. ಅಮ್ಮನ ಮುಖ ನೋಡಿದೆ.

"ಹೌದು ಡಾಕ್ಟ್ರೇ" ಎಂದಳು ಅಮ್ಮ, ನೆಲ ನೋಡುತ್ತಾ.

"ಅಲ್ಲ" ಎಂದೆ ನಾನು. ಆ ಉದ್ದನೆಯ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತಿದ್ದವರೆಲ್ಲ ತಿರುಗಿ ನೋಡಿದರು. "ನಾಯಿ ಕಚ್ಚಿದ್ದು. ನಿಮಗೆ ಫೋನ್ ಮಾಡಿದವರ ನಾಯಿ. ಅದನ್ನು ಮಗುವಿನ ಹತ್ತಿರ ಬಿಟ್ಟು ಹೋದದ್ದೂ ಅವರೇ."

ಡಾಕ್ಟರು ನರ್ಸಿಗೆ ಸೋಪು ನೀರು ತರಲು ಹೇಳಿದರು. ಮತ್ತೆ ನನ್ನ ಕಡೆ ತಿರುಗಿ ಮೆಲ್ಲನೆ ಹೇಳಿದರು. "ಮುಖಕ್ಕೆ ಕಚ್ಚಿದರೆ ಕಾಯಲಿಕ್ಕೆ ಆಗುವುದಿಲ್ಲಮ್ಮ. ಇವತ್ತೇ ಇಂಜೆಕ್ಷನ್ ಸುರುಮಾಡಬೇಕು. ನಾಯಿಗೆ ಒಂದುವೇಳೆ ಹುಚ್ಚಿದ್ದು, ನೀವು ಹೇಳದೇ ಇರುತ್ತಿದ್ದರೆ..."

ಆಗ ಆ ಇಂಜೆಕ್ಷನನ್ನು ಹೊಟ್ಟೆಗೆ ಚುಚ್ಚುತ್ತಿದ್ದರು. ದಿನಾ ಒಯ್ಯಬೇಕು. ಅಂಗೈಯಷ್ಟಗಲದ ಹೊಟ್ಟೆ, ಅದರಲ್ಲಿ ನಿನ್ನೆಯ ಗಂಟು ಇಳಿಯುವ ಮೊದಲೇ ಇವತ್ತಿನದ್ದು. ಬಿಳಿ ಬಟ್ಟೆಯವರನ್ನು ಕಂಡರೆ ಸಾಕು, ಮಗು ನನ್ನ ಕುತ್ತಿಗೆಯನ್ನು ಉಸಿರು ಕಟ್ಟುವಂತೆ ಅಪ್ಪಿಕೊಳ್ಳುತ್ತಿತ್ತು. ಕಣ್ಣು ಉಳಿಯಿತು. ಮಗುವೂ ಉಳಿಯಿತು. ರೆಪ್ಪೆ ಮಾತ್ರ ಪೂರ್ತಿ ಮುಚ್ಚಲಿಲ್ಲ, ನಿದ್ದೆಯಲ್ಲೂ ಒಂದು ಬಿಳಿ ಗೆರೆ ಕಾಣಿಸುತ್ತಿತ್ತು.

ಆಸ್ಪತ್ರೆಯಿಂದ ನಾನು ಮಣ್ಣಗುಡ್ಡಕ್ಕೆ ಹೋಗಲಿಲ್ಲ. ನೇರವಾಗಿ ವಾಮಂಜೂರಿಗೆ ಹೋದೆ. ಅತ್ತೆ ಏನೂ ಕೇಳದೆ ಮಗುವನ್ನು ತೆಗೆದುಕೊಂಡರು. ಮಾರನೆಯ ವಾರ ಅಮ್ಮ ಬಂದಳು. "ಅಣ್ಣನಿಗೆ ಬಹಳ ಬೇಸರ ಆಗಿದೆ ಮಗಾ. ನಾಲ್ಕು ಜನರೆದುರು ಹಾಗೆ ಹೇಳಬಾರದಿತ್ತು ನೀನು. ಒಮ್ಮೆ ಬಂದು ಮಾತಾಡು."

"ಟೈಗರ್ ಇದೆಯಾ?" ಎಂದು ಕೇಳಿದೆ.

"ಇದೆ. ಈಗ ಕುಂಟುವುದಿಲ್ಲ."

"ಹಾಗಾದರೆ ನಾನು ಬರುವುದಿಲ್ಲ."

ಮಾವ ಈ ಮಾತಿಗೆ ಉತ್ತರವನ್ನು ಊರಿಗೇ ಕೇಳುವಂತೆ ಕೊಟ್ಟರು. ಮದುವೆಯಲ್ಲಿ, ಪೂಜೆಯಲ್ಲಿ, ಕ್ಲಬ್ಬಿನಲ್ಲಿ, ಎಲ್ಲಿ ನನ್ನ ಹೆಸರು ಬಂದರೂ, "ನಾನು ಸಾಕಿದವರಲ್ಲಿ ನಿಯತ್ತು ಇದ್ದದ್ದು ನಾಯಿಗೆ ಮಾತ್ರ" ಎನ್ನುತ್ತಿದ್ದರಂತೆ. ಕೇಳಿದವರು ನಗುತ್ತಾ ಬಂದು ನನಗೆ ಹೇಳುತ್ತಿದ್ದರು. ನಾನೂ ನಗಬೇಕಿತ್ತೇನೋ. ಮಗುವಿನ ಗಾಯಕ್ಕೆ ಮುಲಾಮು ಹಚ್ಚುವಾಗೆಲ್ಲ ಆ ಮಾತು ಕಿವಿಯಲ್ಲಿರುತ್ತಿತ್ತು. ಅವರು ಸಾಯಲಿ ಎಂದು ನಾನು ಆಗ ಬಯಸಿದ್ದೇನೆ. ಬರೆಯಲು ಹಿಂಜರಿಕೆಯಿಲ್ಲ.

ಅವರನ್ನು ಮತ್ತೆ ಎದುರೆದುರು ಕಂಡದ್ದು ಒಂದು ಮದುವೆಯ ಹಾಲಿನಲ್ಲಿ. ಮಗಳು ಆಗ ಶಾಲೆಗೆ ಹೋಗಲು ಸುರುಮಾಡಿದ್ದಳು. ಮಾವ ತಾವಾಗಿ ನಮ್ಮ ಬಳಿ ಬಂದರು. ತಪ್ಪಾಯಿತು ಎನ್ನುತ್ತಾರೆ ಎಂದು ನಾನು ಎದ್ದು ನಿಂತೆ, ಹಿರಿಯರಲ್ಲವೇ. ಅವರು ಮಗಳ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ತರಕಾರಿ ನೋಡುವ ಹಾಗೆ ನೋಡಿದರು. "ಅಂಥಾದ್ದು ಎಂತ ಇಲ್ಲ ಮಾರಾಯ್ತಿ. ಸ್ವಲ್ಪ ಪೌಡರ್ ಹಾಕಿದರೆ ಕಾಣುವುದೇ ಇಲ್ಲ" ಎಂದು ನಡೆದುಬಿಟ್ಟರು.

"ಅಮ್ಮಾ, ಅವರು ಯಾರು?" ಮಗಳು ಕೇಳಿದಳು.

ದೊಡ್ಡಮಾವ ಎನ್ನಬೇಕಿತ್ತು, ಅಜ್ಜ ಎನ್ನಬೇಕಿತ್ತು. "ನಿನಗೆ ಕಚ್ಚಿದ ನಾಯಿಯ ಧಣಿ" ಎಂದೆ. ಅವರಿಗೆ ಕೇಳಿಸಿತು. ಒಂದು ಹೆಜ್ಜೆ ನಿಂತರು, ತಿರುಗಲಿಲ್ಲ.

ಎಂಬತ್ತರ ದಶಕದ ಕೊನೆಗೆ ಮಾವ ಸಕ್ಕರೆ ಕಾಯಿಲೆಯಿಂದ ತೀರಿಕೊಂಡರು. ಟೈಗರ್ ಅದಕ್ಕೂ ಕೆಲವು ವರ್ಷ ಮೊದಲೇ ಮುದಿಯಾಗಿ ಸತ್ತಿತ್ತು. ಅದರ ಮೇಲೆ ನನಗೆ ಯಾವ ಸಿಟ್ಟೂ ಉಳಿದಿರಲಿಲ್ಲ, ಅದು ನಾಯಿ. ಅಮ್ಮನಿಗೋಸ್ಕರ ನಾನು ಮಗಳನ್ನು ಕರೆದುಕೊಂಡು ಮಣ್ಣಗುಡ್ಡಕ್ಕೆ ಹೋದೆ. ಮಾವನನ್ನು ಹಾಲ್‌ನಲ್ಲಿ ಮಲಗಿಸಿದ್ದರು. ಜನ ಅವರ ಒಳ್ಳೆಯತನದ ಬಗ್ಗೆ ಮಾತಾಡುತ್ತಿದ್ದರು, ಅವರಲ್ಲಿ ಹಲವರು ನನ್ನನ್ನು ತೋರಿಸಿಯೇ ಮಾತಾಡುತ್ತಿದ್ದರು. ತಂದೆಯಿಲ್ಲದ ಹುಡುಗಿಯನ್ನು ಓದಿಸಿದವರು.

ಅಮ್ಮ ನನ್ನ ಪಕ್ಕಕ್ಕೆ ಸರಿದು ಕೂತಳು. "ಕೊನೆಕೊನೆಗೆ ಕೇಳ್ತಾ ಇದ್ದರು. ಮಗುವಿನ ಕಣ್ಣು ಮುಚ್ಚುತ್ತದಾ ಅಂತ."

"ನನ್ನಲ್ಲಿ ಕೇಳಲಿಲ್ಲ" ಎಂದೆ.

"ನಿನ್ನಲ್ಲಿ ಕೇಳುವ ಧೈರ್ಯ ಇರಲಿಲ್ಲ ಅವರಿಗೆ."

ಹಾಗಿರಬಹುದು. ಅದರಿಂದ ನನ್ನ ಸಿಟ್ಟು ಕರಗಲಿಲ್ಲ.

ಬಾಯಿಗೆ ನೀರು ಬಿಡಲು ಮನೆಯವರನ್ನು ಒಬ್ಬೊಬ್ಬರಾಗಿ ಕರೆದರು. ಅಮ್ಮನ ನಂತರ ನನ್ನ ಸರದಿ. ತುಳಸಿ ಎಸಳಿನಿಂದ ನೀರು ಬಿಟ್ಟೆ. ಮನಸ್ಸಿಟ್ಟೇ ಬಿಟ್ಟೆ. ಅನ್ನಕ್ಕೆ, ಓದಿಗೆ, ಬೊಂಬಾಯಿಯಿಂದ ಕರೆತಂದದ್ದಕ್ಕೆ. ಪಕ್ಕದಲ್ಲಿ ನಿಂತಿದ್ದ ಮಗಳು ಕೈ ಚಾಚಿದಳು. "ಅಮ್ಮಾ, ನಾನೂ ಬಿಡಲಾ?"

"ಬಿಡಲಿ, ಮಗು ಬಿಡಲಿ" ಎಂದರು ಯಾರೋ ಹಿರಿಯರು. ಅಮ್ಮ ತಂಬಿಗೆಯನ್ನು ಅವಳ ಕಡೆಗೆ ಸರಿಸಿದಳು.

"ನೀನು ಬೇಡ" ಎಂದೆ. ನನ್ನ ಋಣ ನನ್ನದು, ಅವಳಿಗೆ ಆ ಮನುಷ್ಯನಲ್ಲಿ ಯಾವ ಋಣವೂ ಇರಲಿಲ್ಲ. ತಂಬಿಗೆಯನ್ನು ಅಮ್ಮನ ಕೈಗೆ ಕೊಟ್ಟು, ಮಗಳ ಕೈ ಹಿಡಿದುಕೊಂಡು, ಎಲ್ಲರೂ ನೋಡುತ್ತಿರುವಂತೆಯೇ ಜಗಲಿಯ ಮೆಟ್ಟಿಲಿಳಿದೆ.