ಮೇಷ್ಟ್ರ ಗಂಟಲಲ್ಲಿ ನಾನಾಡಿದ ಮಾತು

ಹೋದ ವಾರ ಕೊರಟಗೆರೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಅಂಗಡಿಯೊಂದರಲ್ಲಿ ನಿಂತಿದ್ದೆ. ನನ್ನ ಹತ್ತಿರ ರಿಪೇರಿಗೆ ಬಂದಿದ್ದ ಪಂಪೊಂದರ ಶಾಫ್ಟನ್ನು ಕಡೆಸಬೇಕಿತ್ತು. ತಿರುಗುತ್ತಿದ್ದ ಕಬ್ಬಿಣದ ಮೇಲೆ ಹಾಲಿನಂಥ ಎಣ್ಣೆನೀರು ಬಿದ್ದು ಆವಿ ಎದ್ದಿತು. ಆ ವಾಸನೆ... ಸುಟ್ಟ ಸೋಪು, ತುಕ್ಕು, ಹಳೇ ಎಣ್ಣೆ ಎಲ್ಲ ಕಲಸಿದ ವಾಸನೆ.

"ಐಟಿಐ ಫಿಟ್ಟರ್ ಅಂತ ಹೇಳ್ಕೊಂಡು ತಿರುಗ್ತೀಯ, ಒಂದು ಶಾಫ್ಟ್ ಕಡ್ಯಾಕೆ ನನ್ ತಾವ ಬತ್ತೀಯಲ್ಲೋ" ಎಂದು ಅಂಗಡಿಯವನು ನಕ್ಕ. ನಾನೂ ನಕ್ಕೆ. ಯಾರಾದರೂ ನನ್ನನ್ನು ಗೇಲಿ ಮಾಡುವಾಗ ಮೊದಲು ನಗುವವನು ನಾನೇ. ಲೇತಿನ ಮೇಲೆ ಇಷ್ಟು ಗಂಟೆ ಕೆಲಸ ಕಲಿತವನು ಎಂದು ನನ್ನ ಹೆಸರಿನಲ್ಲಿ ಒಂದು ಹಾಳೆಯೇ ಇದೆ. ಕೆಳಗೆ ನಮ್ಮ ಮೇಷ್ಟ್ರ ಸಹಿ ಇದೆ. ಸಹಿ ಅವರದೇ, ಹಾಳೆಯಲ್ಲಿರುವುದು ಸುಳ್ಳು. ಹಾಗೆ ಅವರು ಹನ್ನೆರಡು ಹಾಳೆಗಳಿಗೆ ಹಾಕಿದರು. ಹಾಕಿಸಿದವನು ನಾನು.

ಮಧುಗಿರಿಯ ಬೆಟ್ಟದ ಬುಡದಲ್ಲಿ ತಗಡಿನ ಸೂರಿನ ಚಿಕ್ಕ ಐಟಿಐ ನಮ್ಮದು. ಮಧ್ಯಾಹ್ನವಾದರೆ ಬಂಡೆಯೂ ತಗಡೂ ಪೈಪೋಟಿಗೆ ಬಿದ್ದು ನಮ್ಮನ್ನು ಬೇಯಿಸುತ್ತಿದ್ದವು. ಮೇಷ್ಟ್ರು ಪಾವಗಡದ ಕಡೆಯವರು, ಅರ್ಧ ಕನ್ನಡ, ಅರ್ಧ ತೆಲುಗು. "ಏಮ್ರಾ, ಅರ ಉಜ್ತಾ ಇದ್ದೀಯೋ, ದೋಸೆ ಮೊಗಚ್ತಾ ಇದ್ದೀಯೋ?" ಎಂದು ಹಿಂದಿನಿಂದ ಬಂದು ನಿಲ್ಲುತ್ತಿದ್ದರು. ನಾವು ದಿನಗಟ್ಟಲೆ ಅರದಿಂದ ಉಜ್ಜಿ ಮಟ್ಟ ಮಾಡಿದ ಕಬ್ಬಿಣದ ತುಂಡಿಗೆ ಮಟ್ಟದ ಕೋಲು ತಾಗಿಸಿ ಕಿಟಕಿಗೆ ಹಿಡಿಯುತ್ತಿದ್ದರು. ನಡುವೆ ಕೂದಲೆಳೆಯಷ್ಟು ಬೆಳಕು ನುಸುಳಿದರೂ ಮುಗಿಯಿತು. "ಬೆಳಕೈತೆ. ಇನ್ನೊಂದು ತುಂಡು ತಗೋ." ಎರಡನೆಯ ಮಾತು ಇರುತ್ತಿರಲಿಲ್ಲ. ಪ್ರಿನ್ಸಿಪಾಲರು ಬಂದು ಹೇಳಿದರೂ ಆ ತುಂಡನ್ನು ಪಾಸು ಮಾಡುತ್ತಿರಲಿಲ್ಲ.

ನನಗೆ ಅರ ಹಿಡಿಯಲು ಬರುತ್ತಿರಲಿಲ್ಲ, ದನಿ ಹಿಡಿಯಲು ಬರುತ್ತಿತ್ತು. ಪ್ರಿನ್ಸಿಪಾಲರ ಕೆಮ್ಮು, ಶಿರಾ ಬಸ್ಸಿನ ಕಂಡಕ್ಟರನ ಕೂಗು, ಟೀ ಅಂಗಡಿಯ ಸಾಬರ ಲೊಚಗುಟ್ಟುವಿಕೆ, ಹುಡುಗಿಯರ ಎದುರು ನಾನೇ ತೊದಲುವ ರೀತಿ, ಯಾವುದನ್ನೂ ಬಿಟ್ಟವನಲ್ಲ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಮೇಷ್ಟ್ರ ದನಿ. ಒಮ್ಮೆ ಅವರು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡುಬಿಟ್ಟಿದ್ದರು. ಬೈಯಲಿಲ್ಲ. "ನನ್ ಗಂಟ್ಲು ತಗೊಂಡಿದ್ದೀಯ, ಸರಿ. ಕೈನೂ ತಗೋರಾ" ಎಂದರು.

ಆ ವರ್ಷ ತುಮಕೂರಿನ ಹಾದಿಯಲ್ಲಿದ್ದ ಒಂದು ಕಾರ್ಖಾನೆಗೂ ನಮ್ಮ ಐಟಿಐಗೂ ಒಪ್ಪಂದವಾಯಿತು. ಕೆಲವು ತಿಂಗಳು ಇಲ್ಲಿ ಪಾಠ, ಆಮೇಲೆ ಅಲ್ಲಿ ಯಂತ್ರದ ಮುಂದೆ ತರಬೇತಿ. ಬ್ಯಾನರು ಕಟ್ಟಿದರು, ಹಾರ ಹಾಕಿದರು, ಫೋಟೊ ತೆಗೆದರು. ಬೆಳಗ್ಗೆ ಕಂಪನಿಯ ವ್ಯಾನು ಬಂದು ನಮ್ಮ ಹನ್ನೆರಡು ಜನರನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಹೋಗಿ ಮಾಡಿದ್ದೇನು? ರಟ್ಟಿನ ಡಬ್ಬ ಮಡಚಿದೆವು, ತುಂಬಿದೆವು, ಹೊತ್ತು ಲಾರಿಗೆ ಹಾಕಿದೆವು. ಅಲ್ಲಿ ನನ್ನ ಕೈಗೆ ಸಿಕ್ಕ ಅತಿ ದೊಡ್ಡ ಯಂತ್ರವೆಂದರೆ ಟೇಪು ಕತ್ತರಿಸುವ ಕತ್ತರಿ.

ವಿಷಯ ತಿಳಿದ ದಿನ ಮೇಷ್ಟ್ರು ಊಟ ಮಾಡಲಿಲ್ಲ. ಹುಡುಗರನ್ನು ಯಂತ್ರದ ಮುಂದೆ ನಿಲ್ಲಿಸಿ, ಇಲ್ಲವಾದರೆ ವಾಪಸ್ಸು ಕರೆದುಕೊಳ್ಳುತ್ತೇನೆ ಎಂದು ಕಾಗದ ಬರೆದು ತಾವೇ ಕೊಟ್ಟು ಬಂದರು. ಮಾರನೆಯ ದಿನವೇ ಕಂಪನಿಯ ಮ್ಯಾನೇಜರರಿಂದ ಉತ್ತರ ಬಂತು: ಇನ್ನು ಮುಂದೆ ಯಾರನ್ನೂ ಕಳಿಸಬೇಡಿ.

ವ್ಯಾನು ನಿಂತಿತು. ಕಂಪನಿಯ ಮೊಹರು ಬೀಳದೆ ತರಬೇತಿಯ ಹಾಳೆ ಪೂರ್ತಿಯಾಗುವುದಿಲ್ಲ, ಹಾಳೆ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ಎರಡು ವರ್ಷ ನೀರಿನಲ್ಲಿ ಹೋಮ ಮಾಡಿದಂತೆ. ತಾವರೆಕೆರೆಯಿಂದ ಬರುತ್ತಿದ್ದ ಗೆಳೆಯ ಮನೆಯಲ್ಲಿ ಹೇಳಲಾರದೆ ದಿನವೂ ಬುತ್ತಿ ಕಟ್ಟಿಸಿಕೊಂಡು ಬಂದು ವರ್ಕ್‌ಶಾಪಿನ ಗೋಡೆಗೆ ಒರಗಿ ಕೂರುತ್ತಿದ್ದ. ಐದನೆಯ ದಿನ ಅವನೇ ಬಾಯಿ ಬಿಟ್ಟ.

"ಮೇಷ್ಟ್ರು ಒಂದ್ಸಲ ತಪ್ಪಾಯ್ತು ಅಂದ್ಬುಟ್ರೆ ಮುಗೀತು ಕಣ್ಲಾ."

"ಅವ್ರೆಲ್ಲಿ ಅಂತಾರೆ ಬುಡು" ಅಂದೆ.

"ನೀನು ಅನ್ನು."

ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಹನ್ನೊಂದು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಮೇಷ್ಟ್ರು ಊಟಕ್ಕೆ ಹೋದಾಗ ಫೋನನ್ನು ಸ್ಟೋರ್ ರೂಮಿನಲ್ಲಿ ಚಾರ್ಜಿಗೆ ಹಾಕಿ ಹೋಗುತ್ತಿದ್ದರು. ಅದರಿಂದಲೇ ಮ್ಯಾನೇಜರಿಗೆ ಮಾಡಿದೆ. ಮೊದಲ ಮಾತಿನಲ್ಲೇ ಅವರು ನಂಬಿದರು. ಕ್ಷಮೆ ಕೇಳಿ ಇಡಬೇಕು ಅಂದುಕೊಂಡಿದ್ದೆ. "ಹೂಂ, ಆಮೇಲೆ?" ಎಂದರು ಆ ಕಡೆಯಿಂದ. ನನಗೆ ಭಯವಾಯಿತು. ಬಾಯಿಗೆ ಏನು ಬಂತೋ ಅದನ್ನೆಲ್ಲ ಆಡಿದೆ. ಕಾಲಿಗೆ ಬೀಳುತ್ತೇನೆ ಅಂದೆ, ಡಬ್ಬ ಹೊರುವುದೇ ಸಾಕು ಅಂದೆ, ಅತ್ತೂಬಿಟ್ಟೆ. ಅಳುವುದು ನಟನೆಯಾಗಿರಲಿಲ್ಲ, ಆದರೆ ದನಿ ಅವರದೇ ಆಗಿತ್ತು.

ಸೋಮವಾರ ವ್ಯಾನು ಬಂತು.

ತಮ್ಮ ಕಾಗದವೇ ಕೆಲಸ ಮಾಡಿತು ಅಂದುಕೊಂಡರು ಮೇಷ್ಟ್ರು. "ನೋಡಿದ್ರೇನ್ರಾ, ನೆಟ್ಟಗೆ ಬರೆದ್ರೆ ಯಾರಾದ್ರೂ ಕೇಳ್ತಾರೆ" ಎಂದು ಎಲ್ಲರಿಗೂ ಟೀ ಕುಡಿಸಿದರು. ಇಸ್ತ್ರಿ ಮಾಡಿದ ಬಿಳೀ ಅಂಗಿ ತೊಟ್ಟು ತಾವೂ ವ್ಯಾನು ಹತ್ತಿದರು. ಜೇಬಿನಲ್ಲಿ ಒಂದು ಪಟ್ಟಿ, ಯಾವ ಹುಡುಗ ಯಾವ ಯಂತ್ರಕ್ಕೆ ಎಂದು. ನನ್ನ ಹೆಸರು ಲೇತಿನ ಮುಂದೆ ಇತ್ತು... ದಾರಿಯಲ್ಲಿ ತೋರಿಸಿದ್ದರು. ಹೇಳಿಬಿಡಬೇಕು ಎಂದು ಎಷ್ಟು ಸಲ ಬಾಯಿ ತೆರೆದೆನೋ. ಊರೆಲ್ಲರ ದನಿ ಬರುವವನಿಗೆ ಆ ದಿನ ತನ್ನ ದನಿ ಬರಲಿಲ್ಲ.

ಪ್ಯಾಕಿಂಗ್ ವಿಭಾಗದಲ್ಲಿ, ಕೆಲಸದವರೆಲ್ಲರ ಎದುರು ಮ್ಯಾನೇಜರು ಮೇಷ್ಟ್ರ ಹೆಗಲ ಮೇಲೆ ಕೈ ಇಟ್ಟರು. "ಫೋನಲ್ಲಿ ಅಷ್ಟೊಂದು ಅಳೋ ಅಗತ್ಯ ಇರ್ಲಿಲ್ಲ ಮೇಷ್ಟ್ರೇ. ಡಬ್ಬ ಹೊರೋದೇ ಸಾಕು ಅಂತ ನೀವೇ ಹೇಳಿದ್ಮೇಲೆ ನಮ್ದೇನೂ ತಕರಾರಿಲ್ಲ."

ಮೇಷ್ಟ್ರು ನಮ್ಮ ಕಡೆ ತಿರುಗಿದರು. ಸಾಲಾಗಿ ನಿಂತಿದ್ದ ಹನ್ನೆರಡು ಮುಖಗಳ ಮೇಲೆ ಅವರ ಕಣ್ಣು ಹಾದು ಬಂದು ನನ್ನ ಹತ್ತಿರ ನಿಂತಿತು. ನಾನು ಫೋನೇ ಮಾಡಿಲ್ಲ ಎಂದು ಅವರು ಒಂದು ಮಾತು ಆಡಿದ್ದರೆ ಸಾಕಿತ್ತು, ಅವರ ಮರ್ಯಾದೆ ಉಳಿಯುತ್ತಿತ್ತು, ನಾವು ಹನ್ನೆರಡೂ ಜನ ಗೇಟಿನಿಂದ ಹೊರಗೆ ಬೀಳುತ್ತಿದ್ದೆವು. ಅವರು ಜೇಬಿನಿಂದ ಹೊರಗೆ ತೆಗೆದಿದ್ದ ಪಟ್ಟಿಯನ್ನು ಮತ್ತೆ ಮಡಚಿದರು.

"ಹೌದು ಸಾರ್" ಎಂದರು. "ಹೇಳ್ದೆ."

ಮಾರನೆಯ ದಿನ ಸಂಜೆ ವರ್ಕ್‌ಶಾಪಿಗೆ ನನ್ನೊಬ್ಬನನ್ನೇ ಕರೆದರು. ಹೊಡೆಯಲಿ ಎಂದು ಕಾಯುತ್ತಾ ನಿಂತೆ. "ನಾನು ಫೋನ್‌ನಾಗೆ ಏನಂದೆ ಅಂತ ನಂಗೂ ಗೊತ್ತಾಗ್ಬೇಕಲ್ಲ. ಅನ್ನು" ಎಂದರು. ಬೇಡ ಸಾರ್ ಎಂದು ಅತ್ತೆ. ಬಿಡಲಿಲ್ಲ. ಅವರ ಎದುರಿಗೇ, ಅವರದೇ ದನಿಯಲ್ಲಿ, ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ. ಸ್ವಾಮಿ, ತಪ್ಪಾಯ್ತು. ನಿಮ್ ಕಾಲಿಗೆ ಬೀಳ್ತೀನಿ. ನಿಮ್ ಮಕ್ಳು ಅಂದ್ಕೊಳ್ಳಿ...

ತಲೆ ತಗ್ಗಿಸಿ ಕೇಳಿದರು. "ಇಂಥ ಮಾತು ನನ್ ಬಾಯಾಗೆ ಯಾವಾಗ ಕೇಳಿದ್ಯೋ?"

"ನಿಮ್ಮದಲ್ಲ ಸಾರ್. ನಮ್ಮಪ್ಪ ತಾಲ್ಲೂಕು ಆಫೀಸ್‌ನಾಗೆ ಇಂಗೇ ಮಾತಾಡೋದು."

"ಇಂಗೆ ಬೇಡ್ಕೊಂಡ್ರೆ ನಿಮ್ಮಪ್ಪಂಗೆ ಕೆಲ್ಸ ಆಗ್ತಿತ್ತೇನ್ರಾ?"

"ಇಲ್ಲ ಸಾರ್."

"ನಂಗಾಯ್ತು ನೋಡು" ಎಂದು ನಕ್ಕರು. ಆ ನಗುವನ್ನು ಅನುಕರಿಸುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ತರಬೇತಿ ಮುಗಿದಾಗ ಹಾಳೆಗಳು ಬಂದವು. ಲೇತ್ ಇಷ್ಟು ಗಂಟೆ, ಡ್ರಿಲ್ಲಿಂಗ್ ಇಷ್ಟು ಗಂಟೆ. ಸಹಿ ಹಾಕುವಾಗ ಕನ್ನಡಕ ಹಾಕಿಕೊಳ್ಳುತ್ತಿದ್ದ ಮನುಷ್ಯ ಅವತ್ತು ಇದ್ದ ಕನ್ನಡಕವನ್ನು ತೆಗೆದಿಟ್ಟು ಹನ್ನೆರಡಕ್ಕೂ ಹಾಕಿದರು. ಆಮೇಲೆ ಯಾರ ತುಂಡನ್ನೂ ಕಿಟಕಿಗೆ ಹಿಡಿದು ನೋಡಲಿಲ್ಲ. "ಆಯ್ತು, ಸಾಕು" ಅನ್ನುತ್ತಿದ್ದರು. ಆ ಸಾಕು ಎಂಬ ಮಾತು ಬೈಗುಳಕ್ಕಿಂತ ಹೆಚ್ಚು ತಾಗುತ್ತಿತ್ತು. ನಮ್ಮ ಫಲಿತಾಂಶ ಬರುವ ಮೊದಲೇ ಕೆಲಸ ಬಿಟ್ಟು ಊರಿಗೆ ಹೋದರು. ಪಾವಗಡದಲ್ಲಿ ಗೇಟು, ಕಿಟಕಿ ಮಾಡುವ ಶೆಡ್ಡಿಗೆ ಸೇರಿದರಂತೆ. ಅಲ್ಲಿಗೆ ಬಸ್ಸಿದೆ. ಒಂದು ದಿನವೂ ನಾನು ಹತ್ತಲಿಲ್ಲ.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಸುದ್ದಿ ನಮ್ಮ ಹನ್ನೆರಡು ಜನರ ವಾಟ್ಸಾಪ್ ಗುಂಪಿಗೆ ಬಂತು. ನಾವು ಎಲ್ಲರೂ ಪಾಸಾಗಿದ್ದೇವೆ. ಒಬ್ಬ ಆಟೊ ಓಡಿಸುತ್ತಾನೆ, ಮೂವರು ಇನ್ನೊಂದು ಕಂಪನಿಯಲ್ಲಿ ಇನ್ನೂ ಡಬ್ಬ ಹೊರುತ್ತಿದ್ದಾರೆ, ನಾನು ಪಂಪು ಬಿಚ್ಚಿ ಕಟ್ಟುತ್ತೇನೆ. ಲೇತಿನ ಮುಂದೆ ನಿಂತವನು ಒಬ್ಬನೂ ಇಲ್ಲ. ಕೈ ಮುಗಿದ ಚಿತ್ರಗಳು ಸಾಲಾಗಿ ಬಿದ್ದವು. ಆಮೇಲೆ ತಾವರೆಕೆರೆಯವನು ಬರೆದ: "ಮಗಾ, ಒಂದ್ಸಲ ಸಾರ್ ಥರ ಬೈದು ಕಳ್ಸೋ. ಕೇಳ್ಬೇಕು ಅನ್ನಿಸ್ತೈತೆ."

ದನಿ ಕಳಿಸಲು ಫೋನಿನ ಗುಂಡಿ ಒತ್ತಿ ಹಿಡಿದೆ. ಅವರ ಬೈಗುಳಗಳೆಲ್ಲ ಅಕ್ಷರ ಅಕ್ಷರವೂ ನೆನಪಿವೆ. ಬಾಯಿ ತೆರೆದರೆ ಬಂದದ್ದು, ಸ್ವಾಮಿ, ತಪ್ಪಾಯ್ತು... ಅಳಿಸಿದೆ. ಮತ್ತೆ ಒತ್ತಿದೆ. ಮತ್ತೆ ಅದೇ. ಅವರು ಬದುಕಿನಲ್ಲಿ ಯಾರಿಗೂ ಆಡದ ಆ ಮಾತೊಂದೇ ಅವರ ದನಿಯಲ್ಲಿ ನನ್ನ ಬಳಿ ಉಳಿದಿತ್ತು.

ಹನ್ನೊಂದು ಜನ ಕಾಯುತ್ತಿದ್ದರು. 'ಗಂಟ್ಲು ಸರಿ ಇಲ್ಲ ಕಣ್ರೋ' ಎಂದು ಬರೆದು ಕಳಿಸಿದೆ.